ತಮ್ಮವರೇ ಕೈಬಿಡುವುದು ಯಾವಾಗ?

2022ರ ಜೂನ್ ಕೊನೆಯ ವಾರದಲ್ಲಿ ಥಾಣೆ ಜಿಲ್ಲೆಯ ಯಾವ ಆಫೀಸಿನ ಕ್ಯಾಂಟೀನಿಗೆ ಹೋದರೂ, ಯಾವ ಲೋಕಲ್ ಗಾಡಿ ಹತ್ತಿದರೂ ಕಿವಿಗೆ ಬೀಳುತ್ತಿದ್ದುದು ಎರಡೇ ಮಾತು. ಒಂದು ‘ಗದ್ದಾರ’, ಇನ್ನೊಂದು ‘ವಾಘ’. ಅದೇ ಮನುಷ್ಯ ಒಬ್ಬರಿಗೆ ದ್ರೋಹಿ, ಪಕ್ಕದ ಸೀಟಿನವರಿಗೆ ಹುಲಿ. ನಮ್ಮಂಥ ಕನ್ನಡಿಗರಿಗೆ ಮಾತ್ರ ಮರಾಠಿ ಗೆಳೆಯರಿಂದ ಮೂರನೆಯ ಮಾತೊಂದು ಉಚಿತವಾಗಿ ಸಿಗುತ್ತಿತ್ತು: “ಈ ಆಟವನ್ನು ನಿಮ್ಮವರೇ ಇಲ್ಲಿಗೆ ಬಂದು ಕಲಿಸಿ ಹೋದದ್ದಲ್ಲವೇ?”

ಅವರು ನೆನಪಿಸುತ್ತಿದ್ದುದು 2019ರ ಜುಲೈಯನ್ನು. ಆಗ ಕರ್ನಾಟಕದ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಅತೃಪ್ತ ಶಾಸಕರು ರಾಜೀನಾಮೆ ಕೊಟ್ಟು ಮುಂಬಯಿಯ ಹೋಟೆಲುಗಳಲ್ಲಿ ಬಿಡಾರ ಹೂಡಿದ್ದರು. ಅವರನ್ನು ಒಲಿಸಿ ಕರೆದೊಯ್ಯಲು ಪವಾಯಿಗೆ ಬಂದ ಡಿ.ಕೆ. ಶಿವಕುಮಾರ್ ಅವರನ್ನು ಪೊಲೀಸರು ಹೋಟೆಲಿನ ಒಳಗೇ ಬಿಡಲಿಲ್ಲ. ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರಕಾರ 99-105ರಲ್ಲಿ ಬಿತ್ತು. ಮೂರು ವರ್ಷದ ಬಳಿಕ ನಮ್ಮ ಥಾಣೆಯ ನಾಯಕರೊಬ್ಬರು ಶಾಸಕರನ್ನು ಕಟ್ಟಿಕೊಂಡು ಸೂರತ್‌ಗೆ, ಅಲ್ಲಿಂದ ಗುವಾಹಟಿಗೆ ಹೋದಾಗ, ಗೆಳೆಯರು ನಮ್ಮನ್ನು ಕಿಚಾಯಿಸಿದ್ದರಲ್ಲಿ ತಪ್ಪೇನಿಲ್ಲ.

ಮಾತು ತಮಾಷೆಯದಾದರೂ ಅದರೊಳಗಿನ ಪ್ರಶ್ನೆ ಹಾಗಲ್ಲ. ಒಬ್ಬ ನಾಯಕನನ್ನು ಹೊತ್ತು ಮೆರೆಸಿದ ಪಕ್ಷವೇ ಅವನನ್ನು ಕೆಳಗಿಳಿಸುವ ತೀರ್ಮಾನಕ್ಕೆ ಬರುವುದು ಯಾವಾಗ? ಅವನ ತಪ್ಪು ಗೊತ್ತಾದಾಗಲೇ? ಜನ ಬೀದಿಗಿಳಿದಾಗಲೇ? ಅಥವಾ ಬೇರೆ ಯಾವುದೋ ಲೆಕ್ಕ ಕೂಡಿಬಂದಾಗಲೇ?

ನನ್ನ ಕೆಲಸ ಆಂತರಿಕ ಲೆಕ್ಕಪರಿಶೋಧನೆ. ಮನೆ ಡೊಂಬಿವಲಿಯಲ್ಲಿ, ಆಫೀಸು ಐರೋಲಿಯಲ್ಲಿ. ಈ ವೃತ್ತಿಯಲ್ಲಿ ಬೇಗ ಗೊತ್ತಾಗುವ ಒಂದು ಸಂಗತಿಯಿದೆ. ತಪ್ಪು ಬೆಳಕಿಗೆ ಬರುವುದಕ್ಕೂ ಅದರ ಮೇಲೆ ಕ್ರಮ ಆಗುವುದಕ್ಕೂ ನಡುವೆ ಬಹಳ ದೂರವಿರುತ್ತದೆ. ವರದಿ ಡ್ರಾಯರಿನಲ್ಲಿ ಮಲಗಿರುತ್ತದೆ, ಎಲ್ಲರೂ ಓದಿರುತ್ತಾರೆ, ಯಾರೂ ಮಾತಾಡುವುದಿಲ್ಲ. ಆ ತಪ್ಪಿನಿಂದ ತಮ್ಮ ವಿಭಾಗದ ಬೋನಸ್ಸಿಗೆ ಕತ್ತರಿ ಬೀಳುತ್ತದೆ ಎಂದಾಗ ಮಾತ್ರ ಎಲ್ಲರಿಗೂ ಒಮ್ಮೆಗೇ ಆತ್ಮಸಾಕ್ಷಿ ಎಚ್ಚರವಾಗುತ್ತದೆ. ರಾಜಕೀಯ ಪಕ್ಷಗಳ ನಡೆಯೂ ಇದಕ್ಕಿಂತ ದೊಡ್ಡದಾಗಿ ಬೇರೆಯಲ್ಲ ಎಂಬುದು ನನ್ನ ಅನಿಸಿಕೆ.

ಮೊದಲು ಒಂದು ಸ್ಪಷ್ಟನೆ. ನಮ್ಮ ದೇಶದಲ್ಲಿ ರಾಷ್ಟ್ರಪತಿಯನ್ನು ಮಹಾಭಿಯೋಗದ ಮೂಲಕ ತೆಗೆಯುವ ದಾರಿ ಸಂವಿಧಾನದ 61ನೇ ವಿಧಿಯಲ್ಲಿದೆ. ಸದನದ ಕಾಲು ಭಾಗ ಸದಸ್ಯರ ಸಹಿ, 14 ದಿನಗಳ ಮುನ್ಸೂಚನೆ, ಒಟ್ಟು ಸದಸ್ಯಬಲದ ಮೂರನೇ ಎರಡು ಬಹುಮತ, ಎಲ್ಲವನ್ನೂ ಬರೆದಿಟ್ಟಿದ್ದಾರೆ. ಆದರೆ ಇಂದಿನವರೆಗೆ ಯಾವ ರಾಷ್ಟ್ರಪತಿಯೂ ಹಾಗೆ ಪದಚ್ಯುತರಾಗಿಲ್ಲ. ನಿಜವಾದ ಅಧಿಕಾರ ಇರುವುದು ಪ್ರಧಾನಿ ಮತ್ತು ಮುಖ್ಯಮಂತ್ರಿಗಳ ಕೈಯಲ್ಲಿ. ಹಾಗಾಗಿ ಅಮೆರಿಕದವರು ಅಧ್ಯಕ್ಷರ ಬಗ್ಗೆ ಕೇಳುವ ಈ ಪ್ರಶ್ನೆಯನ್ನು ನಾವು ಮುಖ್ಯಮಂತ್ರಿಯ ಬಗ್ಗೆ ಕೇಳಬೇಕು. ಅದಕ್ಕೆ ನಮ್ಮ ಥಾಣೆಗಿಂತ ಹತ್ತಿರದ ಪಾಠಶಾಲೆ ಬೇಕಿಲ್ಲ.

ಘಟನೆಗಳು ನಿಮಗೆ ಗೊತ್ತಿರುವುದೇ. 2022ರ ಜೂನ್ 20ರಂದು ವಿಧಾನ ಪರಿಷತ್ ಚುನಾವಣೆ ಮುಗಿಯಿತು. ಅದೇ ರಾತ್ರಿ ಏಕನಾಥ ಶಿಂಧೆ ಬೆಂಬಲಿಗ ಶಾಸಕರೊಂದಿಗೆ ಗುಜರಾತಿನ ದಾರಿ ಹಿಡಿದರು. ಜೂನ್ 29ರ ರಾತ್ರಿ, ಮಾರನೆಯ ದಿನದ ಬಲಾಬಲ ಪರೀಕ್ಷೆಗೆ ತಡೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪದೆ ಹೋದಾಗ, ಉದ್ಧವ್ ಠಾಕ್ರೆ ರಾಜೀನಾಮೆ ಘೋಷಿಸಿದರು. ಜೂನ್ 30ರಂದು ಶಿಂಧೆ ಮುಖ್ಯಮಂತ್ರಿ. ಜುಲೈ 4ರಂದು ವಿಶ್ವಾಸಮತ, 164-99. ಶಿವಸೇನೆಯ 55 ಶಾಸಕರಲ್ಲಿ 40 ಮಂದಿ ತಮ್ಮ ನಾಯಕನನ್ನು ಬಿಟ್ಟಿದ್ದರು.

ಬಿಟ್ಟವರು ಕೊಟ್ಟ ಕಾರಣಗಳನ್ನು ಗಮನಿಸಿ. ಹೊರಗೆ ಹೇಳಿದ ದೊಡ್ಡ ಕಾರಣ ಸಿದ್ಧಾಂತದ್ದು: ಕಾಂಗ್ರೆಸ್ ಮತ್ತು ಎನ್‌ಸಿಪಿ ಜತೆಗಿನ ಮೈತ್ರಿ ಬಾಳಾಸಾಹೇಬರ ಹಿಂದುತ್ವಕ್ಕೆ ವಿರುದ್ಧ ಎಂಬುದು. ಆದರೆ ಆ ಮೈತ್ರಿ ಆದದ್ದು 2019ರ ನವೆಂಬರಿನಲ್ಲಿ. ಎರಡೂವರೆ ವರ್ಷ ಅದೇ ಸಂಪುಟದಲ್ಲಿ ಶಿಂಧೆ ಅವರೂ ನಗರಾಭಿವೃದ್ಧಿ ಸಚಿವರಾಗಿದ್ದರು. ಸಿದ್ಧಾಂತವೊಂದೇ ಕಾರಣವಾಗಿದ್ದರೆ ಅದು ಮೊದಲ ವಾರದಲ್ಲೇ ಚುಚ್ಚಬೇಕಿತ್ತು.

ಎರಡನೆಯ ಕಾರಣ ಬಾಗಿಲಿನದು. ಶಾಸಕ ಸಂಜಯ ಶಿರಸಾಟ್ ಅವರ ಪತ್ರವನ್ನು ಶಿಂಧೆ ಜೂನ್ 23ರಂದು ಬಹಿರಂಗಪಡಿಸಿದರು. ಮುಖ್ಯಮಂತ್ರಿಯ ‘ವರ್ಷಾ’ ಬಂಗಲೆಯ ಬಾಗಿಲು ಸ್ವಂತ ಪಕ್ಷದ ಶಾಸಕರಿಗೇ ತೆರೆಯುತ್ತಿರಲಿಲ್ಲ ಎಂಬುದು ಅದರ ಸಾರ. ಮೂರನೆಯದು ಅನುದಾನ. ಹಣಕಾಸು ಖಾತೆ ಎನ್‌ಸಿಪಿಯ ಅಜಿತ್ ಪವಾರ್ ಕೈಯಲ್ಲಿದೆ, ನಮ್ಮ ಕ್ಷೇತ್ರಗಳಿಗೆ ದುಡ್ಡು ಬರುತ್ತಿಲ್ಲ ಎಂಬ ಗೊಣಗಾಟ. (ಒಂದು ವರ್ಷದಲ್ಲೇ, 2023ರ ಜುಲೈಯಲ್ಲಿ, ಅದೇ ಅಜಿತ್ ಪವಾರ್ ಶಿಂಧೆ ಸಂಪುಟ ಸೇರಿ ಅದೇ ಹಣಕಾಸು ಖಾತೆ ಪಡೆದರು. ಆಗ ಗೊಣಗಾಟ ಅಷ್ಟಾಗಿ ಕೇಳಿಸಲಿಲ್ಲ.) ನಾಲ್ಕನೆಯದು ಭಯ. ಥಾಣೆಯ ಓವಳಾ-ಮಾಜಿವಡಾದ ಶಾಸಕ ಪ್ರತಾಪ ಸರನಾಯಕ್ 2021ರ ಜೂನ್‌ನಲ್ಲೇ ಉದ್ಧವ್‌ಗೆ ಪತ್ರ ಬರೆದಿದ್ದರು: ಕೇಂದ್ರ ತನಿಖಾ ಸಂಸ್ಥೆಗಳ ಕಾಟ ತಪ್ಪಬೇಕಾದರೆ ಬಿಜೆಪಿ ಜತೆ ಮತ್ತೆ ಕೂಡಿಕೊಳ್ಳುವುದು ಒಳ್ಳೆಯದು ಎಂದು. ಅಂದರೆ ಬಂಡಾಯಕ್ಕೆ ಒಂದು ವರ್ಷ ಮೊದಲೇ ಅದರ ಕರಡು ಪ್ರತಿ ಮುಖ್ಯಮಂತ್ರಿಯ ಮೇಜಿನ ಮೇಲಿತ್ತು.

ಇದಲ್ಲದೆ ವಿರೋಧಿಗಳು ‘ಐವತ್ತು ಖೋಖೆ’ ಎಂದು ವಿಧಾನಸಭೆಯ ಮೆಟ್ಟಿಲ ಮೇಲೆ ಕೂಗಿದರು, ತಲಾ 50 ಕೋಟಿ ಎಂಬ ಅರ್ಥದಲ್ಲಿ. ಅದು ಸಾಬೀತಾಗದ ಆರೋಪ, ಆದ್ದರಿಂದ ಬದಿಗಿಡುತ್ತೇನೆ. ಅದಿಲ್ಲದೆಯೂ ಲೆಕ್ಕ ಕೂಡುತ್ತದೆ.

ಆದರೆ ಅತೃಪ್ತಿ ಇದ್ದ ಮಾತ್ರಕ್ಕೆ ನಾಯಕ ಇಳಿಯುವುದಿಲ್ಲ. ಬೆಕ್ಕಿಗೆ ಗಂಟೆ ಕಟ್ಟಬೇಕೆಂದು ಎಲ್ಲ ಇಲಿಗಳೂ ಒಪ್ಪಿದ್ದವು. ಪ್ರಶ್ನೆ ಇದ್ದುದು ಮೊದಲು ಹೋಗುವವರು ಯಾರು ಎಂಬುದರಲ್ಲಿ. ಒಬ್ಬನೇ ಹೋದರೆ ಬೆಲೆ ದೊಡ್ಡದು. ಎಷ್ಟು ದೊಡ್ಡದು ಎಂಬುದಕ್ಕೆ ಥಾಣೆಯ ಹಳಬರು 1989ನ್ನು ನೆನೆಯುತ್ತಾರೆ. ಆ ವರ್ಷ ಥಾಣೆಯ ಮೇಯರ್ ಚುನಾವಣೆಯಲ್ಲಿ ಅಡ್ಡ ಮತದಾನವಾಗಿ ಸೇನೆ ಸೋತಿತು. ಬಳಿಕ ಸೇನೆಯದೇ ಒಬ್ಬ ನಗರಸೇವಕರ ಕೊಲೆಯಾಯಿತು. ಆ ಪ್ರಕರಣದಲ್ಲಿ ಜಿಲ್ಲಾ ಪ್ರಮುಖ ಆನಂದ ದಿಘೆ ಟಾಡಾ ಕಾಯ್ದೆಯಡಿ ಬಂಧಿತರಾಗಿ ಜಾಮೀನಿನ ಮೇಲೆ ಹೊರಬಂದರು, 2001ರಲ್ಲಿ ತೀರಿಕೊಂಡರು. ಕೊಲೆ ಯಾರು ಮಾಡಿಸಿದರು ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಆದರೆ ಪಕ್ಷ ಬಿಟ್ಟವರಿಗೆ ಈ ಊರಿನಲ್ಲಿ ಏನು ಕಾದಿರಬಹುದು ಎಂಬ ಭಯ ಅಂದಿನಿಂದ ಬಹುಕಾಲ ಉಳಿಯಿತು.

ಅದೇ ಥಾಣೆಯಲ್ಲಿ, 2022ರ ಜುಲೈ 7ರಂದು, ಪಾಲಿಕೆಯ ಹಿಂದಿನ ಅವಧಿಯ 67 ಸೇನಾ ನಗರಸೇವಕರಲ್ಲಿ 66 ಮಂದಿ ಶಿಂಧೆ ಬಣಕ್ಕೆ ಹೋದರು. ನವಿ ಮುಂಬಯಿ, ಕಲ್ಯಾಣ-ಡೊಂಬಿವಲಿಗಳಲ್ಲೂ ದೊಡ್ಡ ಗುಂಪುಗಳೇ ಹಿಂಬಾಲಿಸಿದವು. 33 ವರ್ಷಗಳಲ್ಲಿ ಬದಲಾದದ್ದು ಜನರ ಧೈರ್ಯವಲ್ಲ, ಜತೆಗಿರುವವರ ಸಂಖ್ಯೆ. ಒಬ್ಬ ಹೋದರೆ ಗದ್ದಾರ. 66 ಮಂದಿ ಹೋದರೆ ಉಳಿದ ಒಬ್ಬನೇ ಒಂಟಿ.

ಸಂಖ್ಯೆಯ ಈ ಬಲವನ್ನು ತೋರಿಸಲು ಒಬ್ಬರ ಉದಾಹರಣೆ ಸಾಕು. ಹಿಂಗೋಲಿ ಜಿಲ್ಲೆಯ ಶಾಸಕ ಸಂತೋಷ ಬಾಂಗರ್ ಬಂಡಾಯದ ಮೊದಲ ದಿನಗಳಲ್ಲಿ ಉದ್ಧವ್ ಪರವಾಗಿ ನಿಂತು, ಹೋದವರು ಮರಳಿ ಬರಬೇಕೆಂದು ಜನರ ಮುಂದೆ ಕಣ್ಣೀರಿಟ್ಟರು. ಜುಲೈ 4ರ ವಿಶ್ವಾಸಮತದ ಹೊತ್ತಿಗೆ ಅವರೇ ಶಿಂಧೆ ಕಡೆ ಕುಳಿತಿದ್ದರು. ಅವರ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಎರಡೂ ದಿನ ಅವರು ಪ್ರಾಮಾಣಿಕರಾಗಿಯೇ ಇದ್ದಿರಬಹುದು. ನಡುವೆ ಬದಲಾದದ್ದು ಲೆಕ್ಕ.

ಇನ್ನು ಮೂರನೆಯ ಅಗತ್ಯ: ಬದಲಿ ಮುಖ. ಇಳಿಸಿದ ಮೇಲೆ ಕೂರಿಸುವುದು ಯಾರನ್ನು ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಎಂಥ ಅತೃಪ್ತ ಶಾಸಕನೂ ಕದಲುವುದಿಲ್ಲ. ಮಹಾರಾಷ್ಟ್ರದಲ್ಲಿ ಶಿಂಧೆ ಇದ್ದರು, ಬೆನ್ನಿಗೆ ಬಿಜೆಪಿ ಇತ್ತು.

ಹೀಗೆ ಮೂರು ಸೇರಬೇಕು: ತನ್ನ ಸ್ವಂತ ಸೀಟಿಗೆ ಅಪಾಯ ಎಂಬ ಭಾವನೆ, ಜತೆಗೆ ಬರುವವರ ಸಂಖ್ಯೆ, ಒಪ್ಪಬಹುದಾದ ಬದಲಿ. ಹಾಗಾದರೆ ತಪ್ಪು, ಹಗರಣ, ಸಾಕ್ಷ್ಯ ಇವಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ನಾವು ಅಂದುಕೊಂಡಷ್ಟಿಲ್ಲ. ಇದಕ್ಕೆ ನಮ್ಮ ಕರ್ನಾಟಕದಲ್ಲೇ ಒಬ್ಬರ ಎರಡು ರಾಜೀನಾಮೆಗಳು ಸಾಕ್ಷಿ.

2010ರ ಅಕ್ಟೋಬರ್‌ನಲ್ಲಿ ಬಿ.ಎಸ್. ಯಡಿಯೂರಪ್ಪ ಅವರ ವಿರುದ್ಧ ತಿರುಗಿಬಿದ್ದ 11 ಬಿಜೆಪಿ ಶಾಸಕರು ಅನರ್ಹರಾದರು (ಮರುವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ರದ್ದುಪಡಿಸಿತು). ಭೂಹಗರಣದ ಆರೋಪಗಳ ನಡುವೆಯೂ ಪಕ್ಷ ಅವರನ್ನು ಉಳಿಸಿಕೊಂಡಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಸಲ್ಲಿಕೆಯಾಯಿತು. ನಾಲ್ಕೇ ದಿನ, ಜುಲೈ 31ರಂದು ರಾಜೀನಾಮೆ. ಇಲ್ಲಿ ಕಾಗದದ ಮೇಲಿನ ಸಾಕ್ಷ್ಯ ಕೆಲಸ ಮಾಡಿತು ಎನ್ನಬಹುದು. ಆದರೆ ಆ ವರ್ಷ ದೇಶದ ತುಂಬ ಭ್ರಷ್ಟಾಚಾರ ವಿರೋಧಿ ಚಳವಳಿ ಎದ್ದಿತ್ತು, ದೆಹಲಿಯಲ್ಲಿ ಬಿಜೆಪಿ ಆಗ ವಿರೋಧಪಕ್ಷ. ಬೆಂಗಳೂರಿನ ಒಂದು ಕುರ್ಚಿ ಉಳಿಸಲು ಹೋದರೆ ದೇಶದುದ್ದಕ್ಕೂ ಬಾಯಿ ಕಟ್ಟುತ್ತಿತ್ತು.

ಎರಡನೆಯ ಸಲ, 2021ರ ಜುಲೈ 26ರಂದು, ಸರಕಾರಕ್ಕೆ ಎರಡು ವರ್ಷ ತುಂಬಿದ ದಿನವೇ ಅವರು ಕಣ್ಣೀರಿನೊಂದಿಗೆ ರಾಜೀನಾಮೆ ಪ್ರಕಟಿಸಿದರು. ಆಗ ಮೇಜಿನ ಮೇಲೆ ಯಾವ ಲೋಕಾಯುಕ್ತ ವರದಿಯೂ ಇರಲಿಲ್ಲ. ಸದನದಲ್ಲಿ ಮತವೂ ಆಗಲಿಲ್ಲ. 75 ದಾಟಿದವರಿಗೆ ಪಕ್ಷ ಹುದ್ದೆ ಕೊಡದ ರೂಢಿ, ಮುಂದಿನ ಚುನಾವಣೆಯ ಚಿಂತೆ, ಬದಲಿಯಾಗಿ ಸಿದ್ಧವಿದ್ದ ಬಸವರಾಜ ಬೊಮ್ಮಾಯಿ, ಇಷ್ಟೇ ಸಾಕಾಯಿತು. ಒಂದು ಸಲ ಸಾಕ್ಷ್ಯವಿತ್ತು, ಇನ್ನೊಂದು ಸಲ ಇರಲಿಲ್ಲ. ಎರಡೂ ಸಲ ಇದ್ದದ್ದು ಲೆಕ್ಕ.

ಸಾಕ್ಷ್ಯ ಮಾಡುವ ಕೆಲಸ ಬೇರೆ. ಬಿಡಬೇಕೆಂದು ಒಳಗೇ ಅಂದುಕೊಂಡವನಿಗೆ ಅದು ಊರ ಮುಂದೆ ಹೇಳಿಕೊಳ್ಳಲು ಒಂದು ಮರ್ಯಾದೆಯ ಮಾತು ಕೊಡುತ್ತದೆ. ಅಮೆರಿಕದ ರಿಚರ್ಡ್ ನಿಕ್ಸನ್ ಪ್ರಕರಣವನ್ನೇ ನೋಡಿ. ವಾಟರ್‌ಗೇಟ್ ಕಳ್ಳತನ ನಡೆದದ್ದು 1972ರ ಜೂನ್‌ನಲ್ಲಿ. ಆ ನವೆಂಬರ್‌ನಲ್ಲಿ ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದರು. ಅಷ್ಟು ಗೆದ್ದವನನ್ನು ಬಿಡುವ ಪಕ್ಷ ಯಾವುದು? ಎರಡು ವರ್ಷ ಬಿಡಲಿಲ್ಲ. 1974ರ ಜುಲೈ 27ರಂದು ಕೆಳಮನೆಯ ನ್ಯಾಯ ಸಮಿತಿಯಲ್ಲಿ ಮೊದಲ ಆರೋಪಕ್ಕೆ 27-11ರಲ್ಲಿ ಒಪ್ಪಿಗೆ ಸಿಕ್ಕಿತು; 17 ರಿಪಬ್ಲಿಕನ್ನರಲ್ಲಿ ಆರು ಮಂದಿ ತಮ್ಮ ಅಧ್ಯಕ್ಷರ ವಿರುದ್ಧ ಕೈ ಎತ್ತಿದರು. ಆಗಸ್ಟ್ 5ರಂದು ಧ್ವನಿಮುದ್ರಿಕೆ ಹೊರಬಂತು, ತನಿಖೆ ಮುಚ್ಚಿಹಾಕಲು ನಿಕ್ಸನ್ ಹೇಳಿದ್ದು ಅವರದೇ ಮಾತಿನಲ್ಲಿ ಬಯಲಾಯಿತು. ಸಮಿತಿಯಲ್ಲಿ ಅವರ ಪರ ನಿಂತಿದ್ದವರೂ ನಿಲುವು ಬದಲಿಸಿದರು. ಆಗಸ್ಟ್ 7ರಂದು ಬ್ಯಾರಿ ಗೋಲ್ಡ್‌ವಾಟರ್ ಮತ್ತು ಸಂಸತ್ತಿನ ಇಬ್ಬರು ರಿಪಬ್ಲಿಕನ್ ನಾಯಕರು ಶ್ವೇತಭವನಕ್ಕೆ ಹೋದರು. ಅವರು ನೀತಿಬೋಧೆ ಮಾಡಲಿಲ್ಲ, ಸೆನೆಟಿನಲ್ಲಿ ಎಷ್ಟು ಮತ ಉಳಿದಿದೆ ಎಂದು ಹೇಳಿದರು. ಉಳಿಯಲು 34 ಬೇಕಿತ್ತು, ಅದರ ಅರ್ಧವೂ ಇರಲಿಲ್ಲ. ಮರುದಿನ ರಾಜೀನಾಮೆಯ ಭಾಷಣ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಆರು ಮಂದಿ. ಧ್ವನಿಮುದ್ರಿಕೆ ಬರುವ ಮುಂಚೆಯೇ, ಗುಂಪು ಕಟ್ಟಿಕೊಂಡು ಬೇರೆ ರಾಜ್ಯದ ಹೋಟೆಲಿಗೆ ಹೋಗದೆ, ಕ್ಯಾಮೆರಾ ಮುಂದೆ ಕುಳಿತು ಒಬ್ಬೊಬ್ಬರಾಗಿ ಹೌದು ಎಂದವರು. ಆಮೇಲೂ ಅವರು ರಿಪಬ್ಲಿಕನ್ನರಾಗಿಯೇ ಇದ್ದರು, ಸದಸ್ಯರಾಗಿಯೇ ಇದ್ದರು. ನಮ್ಮ ದೇಶದಲ್ಲಿ ಅಂಥ ಆರು ಮಂದಿ ಸಾಧ್ಯವೇ?

ಸಾಧ್ಯವಿಲ್ಲ. ಅದಕ್ಕೆ ಕಾರಣ ನಮ್ಮವರ ಗುಣವಲ್ಲ, ನಮ್ಮ ಕಾನೂನು. 1985ರ 52ನೇ ತಿದ್ದುಪಡಿಯಿಂದ ಬಂದ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ, ಹೇಳುವುದಿಷ್ಟು: ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ. ಮೊದಲು ಮೂರನೇ ಒಂದು ಭಾಗ ಒಡೆದರೆ ರಿಯಾಯಿತಿ ಇತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆಯಿತು. ಉಳಿದದ್ದು ಮೂರನೇ ಎರಡು ಭಾಗ ಸೇರಿ ಬೇರೆ ಪಕ್ಷದಲ್ಲಿ ವಿಲೀನವಾಗುವ ದಾರಿ. ‘ಆಯಾರಾಂ ಗಯಾರಾಂ’ಗಳನ್ನು ತಡೆಯುವುದು ಒಳ್ಳೆಯ ಉದ್ದೇಶವೇ. ಆದರೆ ಫಲಿತಾಂಶ ನೋಡಿ. ಚಿಲ್ಲರೆ ಭಿನ್ನಮತಕ್ಕೆ ಶಿಕ್ಷೆ, ಸಗಟು ಭಿನ್ನಮತಕ್ಕೆ ಹಾದಿ. ಒಬ್ಬ ಶಾಸಕ ಎದ್ದು ನಿಂತು ನಮ್ಮ ಮುಖ್ಯಮಂತ್ರಿ ಮಾಡಿದ್ದು ತಪ್ಪು ಎಂದು ಮತ ಹಾಕಿದರೆ ಅವನು ಮನೆಗೆ. ನಲವತ್ತು ಮಂದಿಯನ್ನು ಗುಟ್ಟಾಗಿ ಕೂಡಿಸಿ, ಫೋನ್ ಕಿತ್ತಿಟ್ಟು, ರೆಸಾರ್ಟಿನಲ್ಲಿ ಬಾಗಿಲು ಹಾಕಿ ಕಾದರೆ ಅವನೇ ಮುಖ್ಯಮಂತ್ರಿ.

ಶಿಂಧೆ ಬಣ ಯಾವ ಪಕ್ಷದಲ್ಲೂ ವಿಲೀನವಾಗಲಿಲ್ಲ, ನಾವೇ ನಿಜವಾದ ಶಿವಸೇನೆ ಎಂದಿತು. 2023ರ ಫೆಬ್ರವರಿ 17ರಂದು ಚುನಾವಣಾ ಆಯೋಗ ಹೆಸರನ್ನೂ ಬಿಲ್ಲುಬಾಣವನ್ನೂ ಅವರಿಗೇ ಕೊಟ್ಟಿತು. 2024ರ ಜನವರಿ 10ರಂದು ಸ್ಪೀಕರ್ ರಾಹುಲ್ ನಾರ್ವೇಕರ್ ಅವರೂ ಅದೇ ಬಣವನ್ನು ನಿಜವಾದ ಸೇನೆ ಎಂದು ಒಪ್ಪಿ, ಯಾರನ್ನೂ ಅನರ್ಹಗೊಳಿಸಲಿಲ್ಲ. ಎಲ್ಲ ಕಡೆಯೂ ತೂಗಿದ್ದು ತಲೆ ಎಣಿಕೆ.

ಈ ಕಥೆಯಲ್ಲಿ ಕನ್ನಡಿಗರಾದ ನಮಗೆ ಇನ್ನೊಂದು ನಂಟಿದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರಕಾರದ ವಿರುದ್ಧ ಜನತಾದಳದ ಶಾಸಕ ಕೆ.ಆರ್. ಮೊಳಕೇರಿ ರಾಜ್ಯಪಾಲರಿಗೆ 19 ಪತ್ರಗಳನ್ನು ಒಯ್ದು ಕೊಟ್ಟರು. ಕೂಡಲೇ ಅವರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ತಪ್ಪು ತಿಳುವಳಿಕೆ ಕೊಟ್ಟು ಪಡೆಯಲಾಗಿದೆ, ನಾವು ಬೊಮ್ಮಾಯಿ ಜತೆಗೇ ಇದ್ದೇವೆ ಎಂದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗದೆ ಏಪ್ರಿಲ್ 21ರಂದು ರಾಷ್ಟ್ರಪತಿ ಆಡಳಿತ ಬಂತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಅಳೆಯುವ ಜಾಗ ರಾಜಭವನವಲ್ಲ, ಸದನ. ಅಂದಿನಿಂದ ಭಾರತದ ಯಾವ ಮೂಲೆಯಲ್ಲಿ ಸರಕಾರ ಅಲುಗಿದರೂ ವಕೀಲರು ಮೊದಲು ಹೇಳುವ ಹೆಸರು ನಮ್ಮ ಬೊಮ್ಮಾಯಿಯವರದು.

2023ರ ಮೇ 11ರ ತೀರ್ಪಿನಲ್ಲಿ ಅದೇ ಪಾಠ ಇನ್ನೊಂದು ರೀತಿಯಲ್ಲಿ ಬಂತು. ಬಲಾಬಲ ಪರೀಕ್ಷೆಗೆ ರಾಜ್ಯಪಾಲ ಭಗತ್‌ಸಿಂಗ್ ಕೋಶ್ಯಾರಿ ಆದೇಶಿಸಿದ್ದು ಸರಿಯಲ್ಲ ಎಂದ ಕೋರ್ಟ್, ಆದರೂ ಉದ್ಧವ್‌ರನ್ನು ಮರಳಿ ಕೂರಿಸಲಾಗದು ಎಂದಿತು. ಯಾಕೆಂದರೆ ಅವರು ಸದನವನ್ನು ಎದುರಿಸದೆ ತಾವಾಗಿಯೇ ರಾಜೀನಾಮೆ ಕೊಟ್ಟಿದ್ದರು. ಬೊಮ್ಮಾಯಿ ಸದನ ಕೇಳಿದರು, ಸಿಗಲಿಲ್ಲ. ಉದ್ಧವ್‌ಗೆ ಸದನ ಸಿಕ್ಕಿತ್ತು, ಅವರು ಹೋಗಲಿಲ್ಲ. ತಮ್ಮವರು ಎದುರಿಗೆ ನಿಂತು ಇಲ್ಲ ಎನ್ನುವುದನ್ನು ಕೇಳುವುದು ಯಾರಿಗೂ ಸುಲಭವಲ್ಲ. ಆದರೆ ಆ ಮತ ದಾಖಲಾಗಬೇಕಿತ್ತು, ಯಾರು ಹೌದು ಎಂದರು ಯಾರು ಇಲ್ಲ ಎಂದರು ಎಂದು ಮತ ಕೊಟ್ಟ ನಮಗಾದರೂ ತಿಳಿಯಲು.

ಇದೇ ಜೂನ್ ತಿಂಗಳಲ್ಲಿ ಬ್ರಿಟನ್ನಿನಲ್ಲೂ ಒಂದು ಪಕ್ಷ ತನ್ನ ನಾಯಕನನ್ನು ಪರೀಕ್ಷಿಸುತ್ತಿತ್ತು. ಅಲ್ಲಿ ಆಗಿನ ನಿಯಮದಂತೆ ಕನ್ಸರ್ವೇಟಿವ್ ಸಂಸದರಲ್ಲಿ ಶೇಕಡಾ 15ರಷ್ಟು ಮಂದಿ ಪತ್ರ ಕೊಟ್ಟರೆ ಪಕ್ಷದೊಳಗೇ ಗುಪ್ತ ಮತದಾನ ನಡೆಯುತ್ತಿತ್ತು. 2022ರ ಜೂನ್ 6ರಂದು ಬೋರಿಸ್ ಜಾನ್ಸನ್ 211-148ರಲ್ಲಿ ಗೆದ್ದರು. ಆದರೆ 148 ಎಂಬ ಸಂಖ್ಯೆ ಹೊರಬಿದ್ದ ಮೇಲೆ ಪ್ರತಿಯೊಬ್ಬ ಅತೃಪ್ತನಿಗೂ ನಾನು ಒಂಟಿಯಲ್ಲ ಎಂದು ತಿಳಿಯಿತು. ಜುಲೈ ಮೊದಲ ವಾರದಲ್ಲಿ ಮತ್ತೊಂದು ಪ್ರಕರಣ ಬಂದಾಗ ಸಚಿವರು ಸಾಲಾಗಿ ರಾಜೀನಾಮೆ ಕೊಟ್ಟರು, ಜುಲೈ 7ರಂದು ಜಾನ್ಸನ್ ಇಳಿಯಲು ಒಪ್ಪಿದರು. ಅದೇ ಜುಲೈ 7, ನಮ್ಮ ಥಾಣೆಯಲ್ಲಿ 66 ಮಂದಿ ಬಣ ಬದಲಿಸಿದ ದಿನ. ಅಲ್ಲಿ ಪಕ್ಷ ಒಡೆಯಲಿಲ್ಲ, ಚಿಹ್ನೆಗಾಗಿ ಕೋರ್ಟಿಗೆ ಹೋಗಲಿಲ್ಲ, ಯಾರೂ ವಿಮಾನ ಹತ್ತಲಿಲ್ಲ.

ಗುಪ್ತ ಮತದ ಮಹಿಮೆಯನ್ನು ನಾನು ಕಂಡದ್ದು ಇನ್ನೂ ಸಣ್ಣ ಜಾಗದಲ್ಲಿ, ಡೊಂಬಿವಲಿಯ ನಮ್ಮದೇ ಹೌಸಿಂಗ್ ಸೊಸೈಟಿಯಲ್ಲಿ. ನಮ್ಮ ಅಧ್ಯಕ್ಷರು ಒಳ್ಳೆಯ ಕೆಲಸಗಾರರು, ಆದರೆ ರಿಪೇರಿ ಗುತ್ತಿಗೆಯನ್ನು ಸಮಿತಿಗೆ ಕೇಳದೆ ಕೊಡುವ ಅಭ್ಯಾಸ. ಲೆಕ್ಕಪತ್ರದಲ್ಲಿ ಎರಡು ವರ್ಷ ಆಕ್ಷೇಪ ಬಂದಿತ್ತು. ಲಿಫ್ಟಿನಲ್ಲಿ ಸಿಕ್ಕ ಸಮಿತಿಯವರೆಲ್ಲ ತಲೆಯಾಡಿಸುತ್ತಿದ್ದರು, ಸಭೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ಮುಖ ನೋಡಿಕೊಂಡು ಬದುಕಬೇಕಲ್ಲ! ಆಮೇಲೆ ಟೆರೇಸ್ ಸೋರಿಕೆಗೆ ಪ್ರತಿ ಫ್ಲ್ಯಾಟಿನವರೂ ಮತ್ತೊಮ್ಮೆ ದುಡ್ಡು ಕೊಡಬೇಕೆಂಬ ನೋಟಿಸು ಬಂತು. ಅದೇ ವಾರ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಬೇಕಾದರೆ ನಾನು ಜವಾಬ್ದಾರಿ ತೆಗೆದುಕೊಳ್ಳುತ್ತೇನೆ ಎಂದರು. ಚೀಟಿ ಹಾಕಿ ಮತ ಕೇಳಿದಾಗ ಹನ್ನೊಂದರಲ್ಲಿ ಎಂಟು ಚೀಟಿ ಬದಲಾವಣೆಗೆ ಬಂತು. ಕೈ ಎತ್ತಿಸಿದ್ದರೆ ಮೂರು ಕೈ ಏಳುತ್ತಿತ್ತೋ ಇಲ್ಲವೋ. ಹಳೆಯ ಅಧ್ಯಕ್ಷರು ಇಂದಿಗೂ ಅದೇ ಸೊಸೈಟಿಯ ಸದಸ್ಯರು, ಗಣಪತಿ ಹಬ್ಬಕ್ಕೆ ಚಂದಾ ಎತ್ತುವುದು ಅವರೇ. ಸ್ವಂತ ಜಾಗ, ಜತೆಗಾರರು, ಬದಲಿ ಮುಖ. ಮೂರೂ ಇಲ್ಲೂ ಇದ್ದವು. ಆದರೆ ಸೊಸೈಟಿ ಎರಡಾಗಲಿಲ್ಲ.

ಒಂಟಿ ಧ್ವನಿಗೆ ಬೆಲೆ ತೆರಬೇಕಾದದ್ದು ಕಾನೂನಿಂದ ಮಾತ್ರವಲ್ಲ ಎಂಬುದನ್ನೂ ಒಪ್ಪಬೇಕು. 2021ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ವಿರುದ್ಧದ ಎರಡನೇ ಮಹಾಭಿಯೋಗಕ್ಕೆ ಕೆಳಮನೆಯ ಹತ್ತು ರಿಪಬ್ಲಿಕನ್ನರು ಮತ ಹಾಕಿದರು. 2022ರ ಚುನಾವಣೆಯ ನಂತರ ಅವರಲ್ಲಿ ಉಳಿದವರು ಇಬ್ಬರೇ. ನಾಲ್ವರು ಸ್ಪರ್ಧಿಸಲೇ ಇಲ್ಲ, ನಾಲ್ವರು ಪಕ್ಷದೊಳಗಿನ ಚುನಾವಣೆಯಲ್ಲೇ ಸೋತರು. ನಿಕ್ಸನ್ ಕಾಲದಲ್ಲಿ ಅಂಟಿಕೊಂಡರೆ ಸೀಟು ಹೋಗುತ್ತಿತ್ತು, ಟ್ರಂಪ್ ಕಾಲದಲ್ಲಿ ಬಿಟ್ಟರೆ ಹೋಯಿತು. ಕಾನೂನು ಒಂದೇ, ಲೆಕ್ಕ ಬೇರೆ. ಆ ಲೆಕ್ಕವನ್ನು ಬರೆಯುವವರು ಕೊನೆಗೆ ಮತದಾರರೇ.

ಮತದಾರರ ಮಾತು ಬಂದಾಗ ನಮ್ಮ ಕಡೆಯ ಸತ್ಯವನ್ನೂ ಮುಚ್ಚಿಡಬಾರದು. 2024ರ ನವೆಂಬರ್‌ನ ವಿಧಾನಸಭೆ ಚುನಾವಣೆಯಲ್ಲಿ ಶಿಂಧೆ ಸೇನೆಗೆ 57 ಸ್ಥಾನ, ಉದ್ಧವ್ ಸೇನೆಗೆ 20. ಕರ್ನಾಟಕದಲ್ಲೂ ಹಾಗೆಯೇ: 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12 ಬಿಜೆಪಿಗೆ ಬಂದವು, ಅನರ್ಹರಾಗಿದ್ದ ಹೆಚ್ಚಿನವರು ಗೆದ್ದು ಮರಳಿದರು. ಜನ ಒಪ್ಪಿದ್ದಾರೆ ಎಂದ ಮೇಲೆ ‘ಗದ್ದಾರ’ ಎಂಬ ಬೈಗುಳ ಸುಲಭದ ಮಾತು. ಜನ ಒಪ್ಪಿದರು ಎಂದ ಮಾತ್ರಕ್ಕೆ ಹೋಟೆಲಿನಲ್ಲಿ ಸರಕಾರ ಬದಲಾಯಿಸುವ ರೀತಿ ಸರಿಯಾಯಿತು ಎಂಬುದೂ ಸುಲಭದ ಮಾತೇ.

ಇದರಲ್ಲಿ ನಮಗೇನು ಎಂದು ಕೇಳುವವರಿದ್ದಾರೆ. ನಾವು ದುಡಿಯಲು ಬಂದವರು, ಯಾರು ಬಂದರೂ ರಾಗಿ ಬೀಸುವುದು ತಪ್ಪುವುದಿಲ್ಲ ಎನ್ನುವವರು. ಅವರಿಗೆ ನಮ್ಮ ಊರುಗಳ ಲೆಕ್ಕ ಕೊಡುತ್ತೇನೆ. ನವಿ ಮುಂಬಯಿ ಪಾಲಿಕೆಯ ಅವಧಿ ಮುಗಿದದ್ದು 2020ರ ಮೇಯಲ್ಲಿ, ಕಲ್ಯಾಣ-ಡೊಂಬಿವಲಿಯದು ಅದೇ ವರ್ಷ ನವೆಂಬರ್‌ನಲ್ಲಿ, ಥಾಣೆಯದು 2022ರ ಮಾರ್ಚ್‌ನಲ್ಲಿ. ಕೋವಿಡ್, ಹಿಂದುಳಿದ ವರ್ಗಗಳ ಮೀಸಲಾತಿ, ವಾರ್ಡ್ ರಚನೆಯ ವ್ಯಾಜ್ಯ ಎಂದು ಮುಂದೆ ಹೋಗಿ ಹೋಗಿ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಐದು ವರ್ಷಕ್ಕೂ ಹೆಚ್ಚು ಕಾಲ ಡೊಂಬಿವಲಿಯಲ್ಲಿ, ವಾಶಿಯಲ್ಲಿ ನಮಗೊಬ್ಬ ಆಯ್ಕೆಯಾದ ನಗರಸೇವಕ ಇರಲಿಲ್ಲ. ಬಣ ರಾಜಕೀಯವೇ ಈ ವಿಳಂಬಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಆ ವರ್ಷಗಳಲ್ಲಿ ಮಾಜಿ ನಗರಸೇವಕರು ಯಾವ ಬಣ ಎಂಬುದು ದಿನವೂ ಸುದ್ದಿಯಾಯಿತು. ನಲ್ಲಿ ನೀರಿಗೆ, ಕಸಕ್ಕೆ, ರಸ್ತೆ ಗುಂಡಿಗೆ ಯಾರನ್ನು ಕೇಳಬೇಕು ಎಂಬುದು ಸುದ್ದಿಯಾಗಲಿಲ್ಲ. ಪಕ್ಷದೊಳಗಿನ ಜಗಳಕ್ಕೆ ಪಕ್ಷದೊಳಗೇ ಒಂದು ನೆಟ್ಟಗಿನ ದಾರಿ ಇಲ್ಲದಿದ್ದರೆ, ಅದು ಊರಿನ ಸಮಯವನ್ನೆಲ್ಲ ತಿಂದುಹಾಕುತ್ತದೆ.

ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ, ವಿಪ್ ಮೀರಿದ್ದಕ್ಕೆ ಅನರ್ಹತೆಯನ್ನು ವಿಶ್ವಾಸಮತದಂಥ ಸಂದರ್ಭಕ್ಕಷ್ಟೇ ಸೀಮಿತಗೊಳಿಸಿ ಎಂದಿತ್ತು. ಹಾಗಾದರೆ ಶಾಸಕ ಉಳಿದ ವಿಷಯಗಳಲ್ಲಿ ತನ್ನ ಸರಕಾರದ ತಪ್ಪನ್ನು ಸದನದಲ್ಲೇ ಹೇಳಿಯೂ ಶಾಸಕನಾಗಿ ಉಳಿಯಬಹುದು. ಇದರ ಜತೆಗೆ ಪಕ್ಷಗಳು ತಮ್ಮ ಶಾಸಕಾಂಗ ಪಕ್ಷದ ನಾಯಕನಿಗೆ ವರ್ಷಕ್ಕೊಮ್ಮೆ ಗುಪ್ತ ಮತದ ಪರೀಕ್ಷೆ ಇಟ್ಟುಕೊಳ್ಳಲಿ. ಹೈಕಮಾಂಡಿನ ಒಂದು ಸಾಲಿನ ನಿರ್ಣಯಕ್ಕಿಂತ ಅದು ನಾಯಕನಿಗೂ ಒಳ್ಳೆಯದು. ಬಾಗಿಲಾಚೆ ನಿಂತ ಶಾಸಕನ ಸಿಟ್ಟು ಅವನಿಗೆ ಸೂರತ್‌ನಿಂದ ಬರುವ ಮುಂಚೆ ತಿಳಿಯುತ್ತದೆ.

ಕಾನೂನು ಬದಲಾಗುವವರೆಗೆ ನಮ್ಮ ಕೈಯಲ್ಲಿರುವುದು ಒಂದು ಪ್ರಶ್ನೆ. ಥಾಣೆಯಲ್ಲಾಗಲಿ ಡೊಂಬಿವಲಿಯಲ್ಲಾಗಲಿ, ರಜೆಗೆ ಹೋದಾಗ ಧಾರವಾಡದಲ್ಲಾಗಲಿ ಉಡುಪಿಯಲ್ಲಾಗಲಿ, ನಾಯಕನನ್ನು ಬಿಟ್ಟು ಬಂದ ಯಾವ ಜನಪ್ರತಿನಿಧಿ ನಿಮ್ಮ ಮುಂದೆ ಬಂದರೂ, ಯಾಕೆ ಬಿಟ್ಟಿರಿ ಎಂದು ಕೇಳಬೇಡಿ. ಅದಕ್ಕೆ ಉತ್ತರ ಎಲ್ಲರ ಬಳಿ ಸಿದ್ಧವಿರುತ್ತದೆ. ಆ ತಪ್ಪನ್ನು ನೀವು ಮೊದಲ ಸಲ ಎಲ್ಲಿ, ಯಾವ ತಾರೀಕಿಗೆ, ಎಷ್ಟು ಜನ ಜತೆಗಿದ್ದಾಗ ಹೇಳಿದಿರಿ ಎಂದು ಕೇಳಿ. ಒಬ್ಬನೇ ಇದ್ದಾಗ ಹೇಳಿದ್ದೆ ಎನ್ನುವವರು ಸಿಕ್ಕರೆ, ಅವರು ಯಾವ ಪಕ್ಷದವರೇ ಆಗಿರಲಿ, ನಿಮ್ಮ ಮತ ಅವರಿಗೆ ಇರಲಿ.